ಹನ್ನೊಂದನೇ ರೂಮು

ಮಂಡ್ಯದ ಆಸ್ಪತ್ರೆ, ಮಹಡಿ ಹತ್ತಿ ಎಡಕ್ಕೆ,
ಎಕ್ಸ್‌ರೇ ದಾಟಿದರೆ ಹನ್ನೊಂದನೇ ರೂಮು.
ಮೊದಲ ದಿನ ನಸೀಮಾ ಮೇಡಂ ಕೇಳಿದ್ದು ಒಂದೇ:
ಸೊನ್ನೆಯಿಂದ ಹತ್ತರೊಳಗೆ
ನಿಮ್ಮ ಭಯ ಈಗ ಎಷ್ಟು, ಚೆಲುವಯ್ಯ?

ಭಯಕ್ಕೂ ತಕ್ಕಡಿ ಐತಾ ಅಂತ ನಕ್ಕೆ.
ಕಬ್ಬಿಗೆ ಟನ್ನು, ಬೆಲ್ಲಕ್ಕೆ ಕ್ವಿಂಟಾಲು,
ಇದಕ್ಕೆ ಯಾವ ಲೆಕ್ಕ ತಾಯಿ?
ಆಮೇಲೆ ಮೆತ್ತಗೆ ಅಂದೆ: ಏಳು.

ಆಲೆಮನೆಯಲ್ಲಿ ಒಲೆ ಉರಿಸುವವನು ನಾನು, ಇಪ್ಪತ್ತೆರಡು ವರ್ಷ.
ಪಾಕ ಹದಕ್ಕೆ ಬಂದದ್ದನ್ನು
ಕಣ್ಣು ಮುಚ್ಚಿ, ಕುದಿವ ಸದ್ದಿನಲ್ಲೇ ಹೇಳುತ್ತಿದ್ದೆ.
ಆ ಬೆಳಗಿನ ಜಾವ ಕೊಪ್ಪರಿಗೆಯ ಅಂಚಿನಲ್ಲಿ
ಕುಳ್ಳಬೋರನ ಕಾಲು ಜಾರಿತು.
ಇಷ್ಟು ಹೇಳೋಕೆ ಮೂರು ವಾರ ಬೇಕಾಯಿತು.

ನಾಲ್ಕನೇ ವಾರ ಮೇಡಂ ಕಿಟಕಿಯ ಮೇಲೆ
ಕಾಗದ ಸುತ್ತಿದ ಒಂದಚ್ಚು ಬೆಲ್ಲ ಇಟ್ಟರು.
ಮುಟ್ಟಬೇಡಿ, ನೋಡಿ. ಉಸಿರು ಬಿಡಿ,
ಎಳೆದುಕೊಂಡದ್ದಕ್ಕಿಂತ ಉದ್ದಕ್ಕೆ ಬಿಡಿ.
ಅಂಗಾಲು ನೆಲದ ಮೇಲಿದೆಯಾ? ತಣ್ಣಗಿದೆಯಾ?
ಇದೆ.
ಇದು ಯಾವ ಊರು? ಮಂಡ್ಯ.
ವಾರ? ಗುರುವಾರ.
ಬೋರ ಬಿದ್ದದ್ದು?
ಸೋಮವಾರ.
ಹೋದ ವರ್ಷದ ಸೋಮವಾರ.

ಬೆಲ್ಲ ವಾರಕ್ಕೊಂದು ಗೇಣು ಹತ್ತಿರ ಬಂತು:
ಮೇಜು, ಮೇಜಿನ ಅಂಚು, ನನ್ನ ಅಂಗೈ.
ಆರು ಅಂದೆ. ನಾಲ್ಕು ಅಂದೆ.
ಒಂದು ದಿನ ಚಿವುಟಿ ಬಾಯಿಗೂ ಹಾಕಿಕೊಂಡೆ.
ಸಿಹಿ, ಅಷ್ಟೆ.
ಮೇಡಂ ಮುಖ ಅರಳಿತು. ರಾತ್ರಿ ಇನ್ನೂ
ಕಿರುಚಿ ಏಳುತ್ತೇನೆಂದು ಹೇಳಲು ಮನಸ್ಸಾಗಲಿಲ್ಲ.

ಆಮೇಲೊಂದು ಗುರುವಾರ ಮಳೆ.
ಆಯಾ ದುಂಡಮ್ಮ ಕಾಲೊರೆಸಲು ಬಾಗಿಲಿಗೆ
ಗೋಣಿಚೀಲ ಹಾಸಿದ್ದಳು. ನೆಂದು ನೀರು ಕುಡಿದಿತ್ತು.
ನಾನು ಅಲ್ಲೇ ಗೋಡೆಗೊರಗಿ ಕುಸಿದೆ.

ಬೆಲ್ಲ ಅಲ್ಲ ಮೇಡಂ.
ಅವನ ಮೇಲೆ ಒದ್ದೆ ಗೋಣಿ ಹೊದಿಸಿದೆ, ನಾನೇ, ಈ ಕೈಲೇ.
ಆಂಬುಲೆನ್ಸ್ ಬರೋವರೆಗೂ ನೀರು ಚಿಮುಕಿಸ್ತಾ ಇದ್ದೆ.
ಅದರ ವಾಸನೆ.
ಅದರೊಳಗಿಂದ ಅವನು
ತಣ್ಣಗಾಯ್ತು ಅಣ್ಣ, ಸಾಕು ಬುಡು, ಅಂದದ್ದು.

ಮೇಡಂ ಬಾಗಿಲಲ್ಲೇ, ನೆಲದ ಮೇಲೆ, ನನ್ನೆದುರು ಕೂತರು.
ಇಷ್ಟು ದಿನ ಬರೆದಿಟ್ಟ ಹಾಳೆ ಮಡಚಿದರು.
ಬಹಳ ಹೊತ್ತಾದ ಮೇಲೆ ಕೇಳಿದರು: ಎಷ್ಟು?
ಹತ್ತು, ಅಂದೆ.
ಇಲ್ಲೀವರೆಗೆ ಹೇಳಿದ್ದೆಲ್ಲ ಬೆಲ್ಲದ ಲೆಕ್ಕ.

ಮುಂದಿನ ವಾರ ಕಿಟಕಿಯ ಮೇಲೆ
ಬೆರಳುದ್ದದ ಒಣ ಸೆಣಬಿನ ದಾರ.
ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.
ಹೊರಗೆ ದುಂಡಮ್ಮ ಬಕೆಟ್ಟು ಎಳೆಯುವ ಸದ್ದು.
ಎಷ್ಟು?
ತಡೀರಿ ಮೇಡಂ, ಅಂದೆ,
ಎಣಿಸ್ತಾ ಇದೀನಿ.