ತಣ್ಣಗಾಗುವ ತನಕ

ಬಳ್ಳಾರಿಯಲ್ಲಿ ಯಾರೂ ದಿವಾಳಿ ಅನ್ನುವುದಿಲ್ಲ.
ಕೌಲ್‌ಬಜಾರಿನ ಚಹಾದಂಗಡಿಯಲ್ಲಿ ‘ಐಪಿ ಹಾಕ್ಯಾನಂತೆ’ ಅನ್ನುತ್ತಾರೆ,
ನಮ್ಮಪ್ಪನ ಕಾಲಕ್ಕೆ ‘ಪಾಪರ್ ಎದ್ದ’.
ಈಗಿನದಕ್ಕೆ ನಾವಿಟ್ಟ ಹೆಸರು ಪರಿಹಾರ ಪ್ರಕ್ರಿಯೆ.
ಕರಿಕೋಟಿನವರು, ಹೆಸರಿಡುವುದರಲ್ಲಿ ಜಾಣರು.

ಬರೆದುಕೋ. ಮೊದಲು ತಾರೀಖು.
ಆದೇಶ ಹೊರಬಿದ್ದದ್ದು ಹನ್ನೊಂದರ ಬೆಳಿಗ್ಗೆ, ಬೆಂಗಳೂರಿನಲ್ಲಿ.
ಅದರ ಪ್ರತಿ ನನ್ನ ಮೇಲ್‌ಗೆ ಬಂದದ್ದು ಹದಿಮೂರಕ್ಕೆ.
ವೇಣಿವೀರಾಪುರದ ಆಚೆಯ ಗೇಟಿಗೆ ಜೀಪು ನಿಂತಾಗ ಸಂಜೆ.
ನಾಮಫಲಕದ ಮೇಲೆ ಅದಿರಿನ ಧೂಳು,
ಅದರ ಕೆಳಗೆ ನಾವು ಅಂಟಿಸಿದ ನೋಟೀಸು
ಬೆಳಗಾಗುವಷ್ಟರಲ್ಲಿ ಅದೂ ಕೆಂಪು.

ನಡುವಿನ ಎರಡು ದಿನ ಕಂಪನಿ ಯಾರದು?
ಪರೀಕ್ಷೆಯಲ್ಲಿ ಕೇಳಿದರೆ ಸರಿಯಾಗಿಯೇ ಬರೆಯುತ್ತೀಯ:
ಆದೇಶವಾದ ದಿನದಿಂದ ನಿರ್ದೇಶಕ ಮಂಡಳಿ ಅಮಾನತು,
ಅಧಿಕಾರವೆಲ್ಲ ವೃತ್ತಿನಿರತನದು, ಅಂದರೆ ನನ್ನದು.
ನಾನೋ, ಹನ್ನೊಂದರ ರಾತ್ರಿ ಗಾಂಧಿನಗರದ ಮನೆಯಲ್ಲಿ
ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದೆ,
ನನ್ನ ಅಧಿಕಾರ ನನಗೇ ತಿಳಿಯದೆ.

ಅದೇ ರಾತ್ರಿ ಬಾಕಿಗೆಂದು ಜೆಸ್ಕಾಂನವರು ಕರೆಂಟು ಕಿತ್ತರು.
ಒಳಗೆ ನಲವತ್ತೆರಡು ಮೀಟರಿನ ಕಿಲ್ನು, ಕಾದು ಕೆಂಡ.
ನಿನಗೆ ಇದು ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ:
ಬಿಸಿ ಕಿಲ್ನನ್ನು ನಿಲ್ಲಿಸುವಂತಿಲ್ಲ.
ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ
ಬಾಳೆಹಣ್ಣಿನ ಹಾಗೆ. ಆಮೇಲೆ ಗುಜರಿ, ಕಿಲೋ ಲೆಕ್ಕ.
ಬೆಂಕಿ ಆರಿದ ಮೇಲೂ ತಿರುಗುತ್ತಿರಬೇಕು
ತಣ್ಣಗಾಗುವ ತನಕ.
(ನೆಲಕ್ಕೆ ಬೋಲ್ಟು ಹಾಕಿದ್ದು, ಆದರೂ ತಿರುಗುವುದು:
ಸ್ಥಿರಾಸ್ತಿಯೋ ಚರಾಸ್ತಿಯೋ, ಸಂಜೆ ವಾದ ಮಾಡೋಣ.)

ಪಾಳಿಯಲ್ಲಿದ್ದವನು ಹೊನ್ನೂರ್‌ವಲಿ.
ಏಳು ತಿಂಗಳ ಸಂಬಳ ಬಾಕಿ. ಅದು ಬೇರೆ ಫಾರ್ಮು, ಬೇರೆ ಸಾಲು.
ಮೊಪೆಡ್ಡಿಗೆ ಮೂರು ಕ್ಯಾನು ಕಟ್ಟಿಕೊಂಡು ಹೋಗಿ
ಹೈವೇ ಪಂಪಿನಿಂದ ಅರವತ್ತು ಲೀಟರ್ ಡೀಸೆಲ್ ತಂದ,
ಕೈಯಿಂದ ಐದು ಸಾವಿರದ ಇನ್ನೂರ ಎಂಬತ್ತು.
ಸಣ್ಣ ಎಂಜಿನ್ನಿಗೆ ಸುರಿದು, ಪಕ್ಕದಲ್ಲೇ ಚೀಲ ಹಾಸಿ,
ಎರಡು ರಾತ್ರಿ ತಿರುಗಿಸಿದ.

ಈಗ ಆ ರಸೀದಿ ನಿನ್ನ ಕೈಯಲ್ಲಿದೆ.
ಯಾವ ಕಾಲಮ್ಮಿಗೆ?
ಹಳೆಯ ಸಾಲವಾದರೆ ಸರತಿಯ ಬಾಲ,
ರೂಪಾಯಿಗೆ ನಾಲ್ಕು ಪೈಸೆ ಬಂದರೆ ಪುಣ್ಯ.
ಪ್ರಕ್ರಿಯೆಯ ಖರ್ಚಾದರೆ ಬ್ಯಾಂಕಿಗಿಂತ ಮೊದಲು, ಪೂರ್ತಿ.
ಹನ್ನೊಂದು, ರಾತ್ರಿ ಎಂಟು ನಲವತ್ತು ಅನ್ನುತ್ತದೆ ಕಾಗದ.
ಆದೇಶದ ನಂತರ, ಸರಿ.
ನನ್ನ ಅನುಮತಿಗಿಂತ ಮುಂಚೆ.

‘ಹಿಂದಿನ ತಾರೀಖು ಹಾಕಿ ಒಂದು ಪತ್ರ ಮಾಡಲೇ ಸಾರ್?’
ಒಳ್ಳೆಯ ಮನಸ್ಸಿನಿಂದಲೇ ಕೇಳಿದೆ ನೀನು. ಬೇಡ.
ಈ ಕಂಪನಿ ಮುಳುಗಿದ್ದೇ ಅಂಥ ಪತ್ರಗಳಿಂದ.
ಇದ್ದದ್ದು ಇದ್ದಂತೆ ಬರೆ.

ಸಾಲದಾತರ ಸಮಿತಿ ಕೂತಿತು, ಗಾಜಿನ ಪರದೆಯೊಳಗೆ.
ಶೇಕಡಾ ಎಪ್ಪತ್ತೊಂದು ಮತದ ಬ್ಯಾಂಕಿನಾಕೆ ಹೈದರಾಬಾದಿನಿಂದ:
‘ಇದಕ್ಕೆ ಯಾರು ಅನುಮತಿ ಕೊಟ್ಟದ್ದು?’
ಇನ್ನೂರ ಹದಿನಾರು ಕೋಟಿಯ ಸಭೆ
ಅರವತ್ತು ಲೀಟರಿನ ಮೇಲೆ ಇಪ್ಪತ್ತು ನಿಮಿಷ ನಿಂತಿತು.
ಯಾರೂ ಕೊಟ್ಟಿರಲಿಲ್ಲ ಅಂದೆ.
ಅಂದು ಕಿಲ್ನಿನ ಫೋಟೊ ತೆರೆದೆ,
ನೂಲು ಹಿಡಿದಷ್ಟು ನೆಟ್ಟಗೆ.
ಆಕೆ ಮ್ಯೂಟ್ ಮಾಡಿಕೊಂಡು ಯಾರ ಜೊತೆಗೋ ಮಾತಾಡಿದಳು.
ಮುಂದಿನ ವಿಷಯಕ್ಕೆ ಹೋಗೋಣ, ಇದು ಪಾಸ್.

ಮರುದಿನ ನೀನು ಸ್ವತ್ತಿನ ಪಟ್ಟಿ ಮಾಡುತ್ತಿದ್ದೆ:
ತೂಕದ ಸೇತುವೆ ಒಂದು, ಕನ್ವೇಯರ್ ಬೆಲ್ಟು, ಹರಿದದ್ದು,
ಕುರ್ಚಿ ಹದಿನೇಳು, ನೀಲಿ ಕ್ಯಾನು ಮೂರು.
ಹೊನ್ನೂರ್‌ವಲಿ ದುಡ್ಡು ಎಣಿಸಲಿಲ್ಲ, ಜೇಬಿಗಿಟ್ಟ.
ಬಗ್ಗಿ ಪಟ್ಟಿ ನೋಡಿದ, ಕಡೇ ಸಾಲಿಗೆ ಬೆರಳಿಟ್ಟ:
‘ಇವು ನಮ್ಮ ಮನಿಯಾಕಿವ್ರೀ, ನೀರು ಹಿಡಿಯಾವು.
ಎರಡು ಸಲ ತೊಳದೀನಿ, ವಾಸನಿ ಹೋಗವಲ್ದು.
ಕಂಪನಿ ಲೆಕ್ಕಕ್ಕ ಬರಿಬ್ಯಾಡ್ರಿ.’

ಹೊಡೆದು ಹಾಕು ಆ ಸಾಲು.
ಪಕ್ಕದಲ್ಲಿ ಸಹಿ ಮಾಡು.
ಇವತ್ತಿನ ತಾರೀಖೇ ಹಾಕು.