ಬಿಳಿ ಗೆರೆಯ ದಾರಿ

ನಕಾಶೆಯಲ್ಲಿ ಹೆದ್ದಾರಿ ಕೆಂಪು, ಜಿಲ್ಲಾ ರಸ್ತೆ ಹಳದಿ.
ಇದಕ್ಕೆ ಬಣ್ಣವನ್ನೇ ಕೊಟ್ಟಿಲ್ಲ.
ಕ್ರೂಜ್ ಸೀಮೆಯ ಈ ಬಿಳಿ ಗೆರೆಯ ಮೇಲೆ
ಗುರುವಾರ ಗುರುವಾರ ಸೊಲಾಂಜ್ ಸೈಕಲ್ ತುಳಿಯುತ್ತಾಳೆ.
ಅಂಚೆಯ ಕೆಲಸ ಮುಗಿದು ಆರು ವರ್ಷ;
ಕಾಲಿಗೆ ಯಾರೂ ಹೇಳಿಲ್ಲ.

ಗಿರಣಿಯ ಏರು. ಗಿಯರ್ ಇಳಿಸು, ಮಾತು ನಿಲ್ಲಿಸು
(ಯಾರೊಡನೆ ಮಾತು? ಹಸುಗಳೊಡನೆ).
ಚೆಸ್ಟ್‌ನಟ್ ಸಿಪ್ಪೆ ಚಕ್ರದಡಿ ಚಟ್ ಚಟ್.
ಗಂಟೆಗೊಂದು ಟ್ರ್ಯಾಕ್ಟರ್, ಅದೂ ಬದಿಗೆ ಸರಿದು ನಿಲ್ಲುತ್ತದೆ,
ದಾರಿ ಇವಳ ತವರಿನದು ಎಂಬಂತೆ.

ಬಾಗಿಲು ಹಾಕಿದ ಮನೆಯ ಅಂಚೆಪೆಟ್ಟಿಗೆಯಲ್ಲಿ
ಯಾವುದೋ ಹಕ್ಕಿ ಸಂಸಾರ ಮುಗಿಸಿ ಹೋಗಿದೆ.
ಇಣುಕಿದರೆ: ಪಾಚಿ, ಹಸುವಿನ ಕೂದಲು,
ಕರೆಂಟ್ ಬಿಲ್ಲಿನ ಒಂದು ಮೂಲೆ.
ತಾನೇ ಹಾಕಿದ್ದಿರಬೇಕು.

ಕೊನೆಯ ತಿರುವಿನಲ್ಲಿ ಬೇಲಿ ಸವರುವ ಒಬೆರ್
ಮೂವತ್ತು ವರ್ಷ ಕೇಳಿದ್ದನ್ನೇ ಕೇಳುತ್ತಾನೆ:
"ನನಗೇನಾದರೂ ಇದೆಯೇ?"

ಒಂದು ಕಾಲು ನೆಲಕ್ಕೂರಿ, ಏದುಸಿರು ಇಳಿಸಿಕೊಂಡು,
"ಇದೆ. ಪಡುವಣ ಗಾಳಿ. ಬಹಳ ದೂರದಿಂದ ಬಂದದ್ದು.
ಬಟ್ಟೆ ಒಳಗೆ ತಗೋ."

ಕತ್ತರಿ ಕಂಕುಳಿಗೆ ಸಿಕ್ಕಿಸಿ
ಪ್ಯಾಂಟಿಗೆ ಅಂಗೈ ಒರೆಸಿಕೊಂಡು ಅವನು:
"ಸಹಿ ಎಲ್ಲಿ ಹಾಕಲಿ?"