ಹಾಲುಕಲೆ

ಹನುಶ್ ಎರಡು ಡಬ್ಬಿ ಇಟ್ಟ ಗಾಜಿನ ಮೇಲೆ:
ನೂರು, ನಾನೂರು.
"ನೂರರದ್ದು ನಯ. ಮುಖಕ್ಕೆ, ಬಿಸಿಲಿಗೆ.
ನಾನೂರು ಕಾಳುಕಾಳು, ರವೆ ಎರಚಿದ ಹಾಗೆ.
ಏನು ತೆಗೀಬೇಕು?"
ಚಿಮಣಿ, ಅಂದೆ. ಬೀಳೋದು. ಶನಿವಾರ, ಏಳೂವರೆಗೆ.
ಅವನು ಮಾತಾಡದೆ ನೂರನ್ನು ಒಳಗಿಟ್ಟ.
ನವೆಂಬರಿನ ಓಸ್ಟ್ರಾವಾದಲ್ಲಿ ಆ ಹೊತ್ತಿಗೆ
ಬೆಳಕಿಗಿನ್ನೂ ಹಾಸಿಗೆ ಬಿಡುವ ಮನಸ್ಸಿರುವುದಿಲ್ಲ.

ಒಂದು ಸುರುಳಿಗೆ ಹನ್ನೆರಡು ಚೌಕ.
ಹನ್ನೆರಡೂ ಚಿಮಣಿಗೇ ಅಂದುಕೊಂಡು ಹೋದವಳು
ಎರಡನ್ನು ಚಳಿಗೆ ಕೊಟ್ಟೆ, ಬೆರಳು ತಾನೇ ಒತ್ತಿತು.
ಮೂರನೆಯದು ಕ್ವೆಟೊಸ್ಲಾವ್‌ಗೆ:
ನಮ್ಮ ಮೇಲಿನ ಮನೆಯವನು, ಕೋಕ್ ಒಲೆಗಳ ಮುಂದೆ
ಮೂವತ್ತೊಂದು ವರ್ಷ ನಿಂತವನು,
ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಿಡಿದು
ಬೇಲಿಗೆ ಒರಗಿ, ಬಾಯಿ ಪೂರ್ತಿ ತೆರೆದು ಆಕಳಿಸುತ್ತಿದ್ದ.
ಬೆಳಕಿನ ಅಳತೆ ನೋಡಲಿಕ್ಕೆಂದು ತೆಗೆದದ್ದು, ಅಷ್ಟೇ.

ಸೈರನ್.
ನನ್ನದು ತಲೆ ಬಗ್ಗಿಸಿ ನೋಡುವ ಕ್ಯಾಮೆರಾ,
ಅದರ ಗಾಜಿನಲ್ಲಿ ಎಡ ಬಲ ಅದಲುಬದಲು.
ಊರಿಗೆಲ್ಲ ಬಲಕ್ಕೆ ಬಿದ್ದ ಚಿಮಣಿ
ನನಗೊಬ್ಬಳಿಗೆ ಎಡಕ್ಕೆ ಬಿತ್ತು:
ಮೊದಲು ಮಂಡಿಯೂರಿತು, ಆಮೇಲೆ ಸೊಂಟ ಮುರಿಯಿತು,
ಸದ್ದು ಮಾತ್ರ ಊಟ ಮುಗಿದ ಮೇಲೆ ಬಂದ ನೆಂಟ.
ಒಂದೇ ಒಂದು ಕ್ಲಿಕ್ಕು.
ಹಿಡಿ ತಿರುಗಿಸಿ ಮತ್ತೆ ಬಗ್ಗುವಷ್ಟರಲ್ಲಿ
ದೂಳು. ಉಳಿದ ಎಂಟಕ್ಕೂ ದೂಳು.

ರಾತ್ರಿ ಬಚ್ಚಲುಮನೆ. ಬಾಗಿಲ ಕೆಳಗೆ ಟವೆಲ್,
ಕೀಲಿಕಿಂಡಿಗೆ ಟೇಪು, ಟೇಪಿನ ಮೇಲೆ ಮತ್ತೊಂದು ಟೇಪು.
ಹೊರಗೆ ಮಗಳು ರಾಡ್ಕಾ: "ಅಮ್ಮಾ, ಎಷ್ಟು ಹೊತ್ತು? ಅರ್ಜೆಂಟು!"
ಕಾಗದದಿಂದ ಫಿಲ್ಮಿನ ಅಂಟು ಕಿತ್ತಾಗ
ಕತ್ತಲಲ್ಲಿ ಒಂದು ನೀಲಿ ಮಿಣುಕು,
ಬೆಂಕಿಕಡ್ಡಿಯ ನೆನಪಿನಷ್ಟು. ಪ್ರತಿ ಸಲವೂ ಎದೆ ಹಾರುತ್ತದೆ.
ಆಮೇಲೆ ಬೆರಳೇ ಕಣ್ಣು:
ಬೆವೆತ ಬೆರಳು, ಪ್ಲಾಸ್ಟಿಕ್ ಚಕ್ರದ ತೋಡು,
ಹಿಂದೆ ಮುಂದೆ, ಹಿಂದೆ ಮುಂದೆ,
ಚಟ್.
ಆ ಸದ್ದು ಕೇಳಿಸಿತು ನನಗೆ.
ರಾಡ್ಕಾ ಬಾಗಿಲು ಬಡಿಯುತ್ತಿದ್ದಳು.
ಕೇಳಿಸದವಳ ಹಾಗೆ ಮುಚ್ಚಳ ತಿರುಗಿಸಿಬಿಟ್ಟೆ.

ದೀಪ ಹಾಕಿದ ಮೇಲೆ ಉಳಿದದ್ದು ಅಡುಗೆ:
ಮಗಳ ಹಾಲಿಗಿಟ್ಟ ಥರ್ಮಾಮೀಟರು, ಇಪ್ಪತ್ತು ಡಿಗ್ರಿ.
ಮೊದಲ ತೊಳೆತಕ್ಕೆ ಹಸಿರು ನೀರು ಬಂತು,
ಪಾಲಕ್ ಬೇಯಿಸಿ ಬಸಿದ ಹಾಗೆ.
ಡೆವಲಪರ್ ಒಂಬತ್ತು ನಿಮಿಷ,
ನಿಮಿಷಕ್ಕೊಮ್ಮೆ ಡಬ್ಬಿ ತಲೆಕೆಳಗು ಮಾಡಿ ನೆಟ್ಟಗೆ ನಿಲ್ಲಿಸು,
ತಳವನ್ನೊಮ್ಮೆ ಕುಟ್ಟು, ಗುಳ್ಳೆ ಏಳಲಿ.
ತಡೆಯಲಿಕ್ಕೆ ನೀರು ಬೆರೆಸಿದ ವಿನಿಗರ್.
"ಮನೆಯೆಲ್ಲ ಉಪ್ಪಿನಕಾಯಿ ನಾತ," ಅಂದಳು ಒಳಬಂದು ಕೂತ ರಾಡ್ಕಾ,
ಸಂಕೋಚವಿಲ್ಲದೆ, ಕಾಲು ಅಲ್ಲಾಡಿಸುತ್ತ.
ಫಿಕ್ಸರ್. ತೊಳೆ. ತೊಳೆ. ಕೊನೆಗೆ ಪಾತ್ರೆ ಸೋಪು ಒಂದು ಹನಿ.

ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಎತ್ತಿ ಹಿಡಿದೆ.
ಏಳನೆಯದರ ಬೆನ್ನಿಗೆ ನಾಲ್ಕನೆಯದರ ಹೊಟ್ಟೆ ಅಂಟಿತ್ತು.
ಔಷಧಿ ಮುಟ್ಟದ ಜಾಗ:
ಕೆನೆಗಟ್ಟಿದ, ಕಣ್ಣಿಲ್ಲದ ಹಾಲುಕಲೆ,
ಅಂಚಿನಲ್ಲಿ ಬೇಲಿಯ ಎರಡು ಕಂಬ.
ಏಳನೆಯದಕ್ಕೆ ಏನೂ ಆಗಿರಲಿಲ್ಲ. ದೂಳು, ಸ್ಪಷ್ಟವಾದ ದೂಳು.
ನೂರು ತಂದಿದ್ದರೂ ಇಷ್ಟೇ, ನಾನೂರು ತಂದದ್ದಕ್ಕೂ ಇಷ್ಟೇ;
ಕೆಟ್ಟದ್ದು ಅಂಗಡಿಯಲ್ಲಲ್ಲ, ನನ್ನ ಬೆರಳಲ್ಲಿ.

ಮೇಲಿನಿಂದ ಇಳಿದುಬಂದ ಕ್ವೆಟೊಸ್ಲಾವ್, ಚಪ್ಪಲಿಯಲ್ಲಿ.
ಬೇಡವೆಂದರೂ ಕ್ಲಿಪ್ಪಿನಿಂದ ಬಿಡಿಸಿ
ಬಲ್ಬಿಗೆ ಹಿಡಿದ.
ಮೂರನೆಯದರಲ್ಲಿ ಮುಖ ಮಸಿಗಪ್ಪು,
ಆಕಳಿಕೆಯ ಬಾಯೊಳಗೆ ಬೆಳಕು.
"ಇವನು ನನಗೆ ಗೊತ್ತು," ಅಂದ,
"ಎರಡನೇ ಪಾಳಿ ಮುಗಿಸಿ ಬಂದವನು."
ಮತ್ತೆ ಪಕ್ಕದ್ದಕ್ಕೆ ಸರಿದ, ಹಾಲುಕಲೆಯನ್ನು ತುಂಬ ಹೊತ್ತು ನೋಡಿದ.
"ಸರಿಯಾಗಿ ಬಂದಿದೆ. ಹೀಗೇ ಇತ್ತು, ಏನೂ ಕಾಣಿಸಲಿಲ್ಲ."

ಹೇಳಬೇಕೆಂದು ಬಾಯಿ ತೆರೆದೆ.
ಅವನು ಹೊರಟಿದ್ದ.
ಇನ್ನೂ ಒದ್ದೆಯಿದ್ದ ಐದನೆಯ ಚೌಕದ ಆಕಾಶದಲ್ಲಿ
ಅವನ ಹೆಬ್ಬೆಟ್ಟು,
ಗೆರೆ ಗೆರೆಯೂ ಬಿಡದೆ ಮೂಡಿತ್ತು.